ದೊಡ್ಡಮ್ಮ ಹೇಳಿಟ್ಟ ಮಾತುಗಳು

ದೊಡ್ಡಮ್ಮ ಕೊರಳಿನ ರಂಧ್ರದ ಮೇಲೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆ ಬಿಳಿಯದೋ ತಿಳಿನೀಲಿಯದೋ, ಖಚಿತವಿಲ್ಲ. ಬೇರೆ ವಿವರಗಳಲ್ಲೂ ನಾನು ತಪ್ಪಿರಬಹುದು. ಉಸಿರಾಡಿದಾಗ ಅದರ ಅಂಚು ಏಳುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದೆ. ಪಾಣೆಮಂಗಳೂರಿನ ನನ್ನ ದೊಡ್ಡಮ್ಮನ ಧ್ವನಿಪೆಟ್ಟಿಗೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು.

ಅದಕ್ಕೆ ಮೊದಲು ದೊಡ್ಡಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಮುಂದೆ ಬೇಕಾಗಬಹುದಾದ ಮಾತುಗಳನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಆಗುವಂತೆ ಹೇಳಿಟ್ಟಿದ್ದರು. ಹಾಲಿನವನಿಗೆ, ಬಸ್ಸಿನ ಕಂಡಕ್ಟರಿಗೆ, ನನಗೆ, ಒಬ್ಬೊಬ್ಬರಿಗೆ ಒಂದೊಂದು. ಮೀನಿನ ಅಂಗಡಿಯಲ್ಲಿ ಫೋನನ್ನು ಎತ್ತಿ ಹಿಡಿದು ಒತ್ತುತ್ತಿದ್ದರು: "ನನಗೆ ಸ್ವರ ಇಲ್ಲ, ಕಣ್ಣು ಉಂಟು ಮಾರಾಯ. ನಿನ್ನೆಯ ಬಂಗುಡೆ ಹಾಕಬೇಡ." ಸುತ್ತಲಿನವರು ನಗುತ್ತಿದ್ದರು. ದೊಡ್ಡಮ್ಮ ನಗದೆ ಇನ್ನೊಮ್ಮೆ ಒತ್ತುತ್ತಿದ್ದರು. ನನ್ನ ಪಾಲಿನದು, "ಓದಿದ್ದು ಸಾಕು, ಊಟ ಮಾಡುವ."

ದುಬೈಯಿಂದ ರಜೆಗೆ ಬಂದ ಅವರ ಮಗ ಹೊಸ ಫೋನ್ ತಂದ. ಗಲ್ಫಿನಲ್ಲಿರುವ ಮಗನ ತಾಯಿಯ ಕೈಯಲ್ಲಿ ಗೀರುಬಿದ್ದ ಫೋನ್ ಇದ್ದರೆ ನಮ್ಮಲ್ಲಿ ಅದು ಮಗನಿಗೆ ಅವಮಾನ. ಹೊರಡುವ ಗಡಿಬಿಡಿಯಲ್ಲಿ ಹಳೆಯದರಲ್ಲಿದ್ದದ್ದೆಲ್ಲ ಹೊಸದಕ್ಕೆ ಬರಲೆಂದು ಎರಡೂ ಫೋನುಗಳನ್ನು ತಂತಿಯಿಲ್ಲದೆ ಜೋಡಿಸಿ ಜಗಲಿಯಲ್ಲಿಟ್ಟ. ಪರದೆಯ ಗೆರೆ ತುಂಬಿದ್ದೇ, "ಎಲ್ಲ ಬಂದಾಯ್ತಮ್ಮ" ಎಂದ. ಹಳೆಯದನ್ನು ಅಲ್ಲೇ ಅಳಿಸಿ, ವಿಮಾನಕ್ಕೆ ಹೋಗುವಾಗ ಹಳೆ ಫೋನ್ ಕೊಳ್ಳುವ ಫರಂಗಿಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಹೋದ.

ಬಂದದ್ದು ಫೋಟೋಗಳು ಮತ್ತು ನಂಬರುಗಳು. ಹೇಳಿಟ್ಟ ಮಾತು ಒಂದೂ ಬಂದಿರಲಿಲ್ಲ. ಬೇರೆ ಕಡೆಯೂ ಉಳಿದಿರಲಿಲ್ಲ. ಡೇಟಾ ಉಳಿಸಲೆಂದು, ವೈಫೈ ಸಿಕ್ಕಿದರೆ ಮಾತ್ರ ಬ್ಯಾಕಪ್ ಆಗುವ ಹಾಗೆ ಹಿಂದಿನ ರಜೆಯಲ್ಲಿ ಅವನೇ ಮಾಡಿಟ್ಟಿದ್ದ. ಆ ಮನೆಯಲ್ಲಿ ವೈಫೈ ಇರಲೇ ಇಲ್ಲ.

ನಮಗೆ ಇದು ತಿಳಿದದ್ದು ಮೀನಿನ ಅಂಗಡಿಯಲ್ಲಿ. ದೊಡ್ಡಮ್ಮ ಹೊಸ ಫೋನನ್ನು ಎತ್ತಿ ಹಿಡಿದರು, ಒತ್ತಿದರು, ಹುಡುಕಿದರು, ನನ್ನ ಮುಖ ನೋಡಿದರು. ಮೀನು ಕೊಳ್ಳದೆ ಮನೆಗೆ ಬಂದೆವು.

ನಾನು ದುಬೈಗೆ ಫೋನ್ ಮಾಡಿದಾಗ ಅವನೆಂದ: "ವಾಯ್ಸ್ ಅಲ್ವಾ ಹೋದದ್ದು? ಫೋಟೋ ಎಲ್ಲ ಉಂಟಲ್ಲ, ಮತ್ತೆಂತ? ಅಮ್ಮನಿಗೆ ಟೈಪ್ ಮಾಡ್ಲಿಕ್ಕೆ ಕಲಿಸು."

ಅಂದು ಬಂದ ಸಿಟ್ಟು ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ. ದೊಡ್ಡಮ್ಮ ಟೈಪ್ ಮಾಡಲಿಲ್ಲ, ಪೇಟೆಗೂ ಹೋಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಈಗ ಅವರ ಮಾತು ನೆನೆದರೆ ಕೇಳಿಸುವುದು ಅವರ ಸ್ವರವೋ, ನಾನು ಕಟ್ಟಿಕೊಂಡದ್ದೋ, ಹೋಲಿಸಿ ನೋಡಲು ಏನೂ ಉಳಿದಿಲ್ಲ.

ಉತ್ತರಕ್ರಿಯೆಯ ದಿನ ನೆಂಟರ ಎದುರಿಗೇ ಕೇಳಿದೆ: "ಅಣ್ಣ, ಹಳೆಯದನ್ನು ಅಳಿಸುವ ಮೊದಲು ಹೊಸದರಲ್ಲಿ ಒಂದಾದರೂ ಒತ್ತಿ ಕೇಳಿದ್ದೆಯಾ?"

ಅವನು ಪಾಯಸದ ಬಾಲ್ದಿ ಎತ್ತಿಕೊಂಡು ಬಡಿಸಲು ಹೋದ.