ಆಫೀಸಿಗೆ ಸ್ಕ್ಯಾನರ್ ಬಂದ ಮೇಲೆ

ಮುಳಬಾಗಿಲಿನಲ್ಲಿ ಒಬ್ಬ ವಕೀಲರ ಆಫೀಸಿಗೆ ನಾನು ಟೈಪಿಸ್ಟಾಗಿ ಸೇರಿದ ಕಾಲಕ್ಕೆ ಅಲ್ಲಿ ಮಾತಿಗೆ ಬರವಿರಲಿಲ್ಲ. ವಯಸ್ಸಾದ ಗುಮಾಸ್ತರೊಬ್ಬರಿದ್ದರು, ಬಾಯಿತುಂಬ ನಗುವ ಜೂನಿಯರ್ ವಕೀಲರೊಬ್ಬರಿದ್ದರು. ಗುಮಾಸ್ತರು ಕೆಲಸ ಬಿಟ್ಟು ಮಗಳ ಮನೆ ಸೇರಿಕೊಂಡರು. ಜೂನಿಯರ್ ಕೋಲಾರದಲ್ಲಿ ತಮ್ಮದೇ ಬೋರ್ಡು ಹಾಕಿಕೊಂಡರು. ಆಮೇಲೆ ಸಾರ್ ಬೆಳಿಗ್ಗೆ ಕೋರ್ಟಿಗೆ ಹೊರಟರೆಂದರೆ ಸಂಜೆಯವರೆಗೂ ನಾನೊಬ್ಬಳೇ. ರೂಮಿಗೆ ಹೋದರೂ ಅಷ್ಟೇ. ನಾನು ಮದುವೆಯಾಗಲಿಲ್ಲ. ವಕ್ಕಲೇರಿಯಲ್ಲಿ ತಮ್ಮನ ಸಂಸಾರವಿದೆ, ಅಮ್ಮ ಹೋದ ಮೇಲೆ ಹಬ್ಬಕ್ಕೆ ಹೋಗಿಬರುವುದಷ್ಟೇ ಉಳಿಯಿತು.

ದಿನದಲ್ಲಿ ನಾನು ಬಾಯಿ ಬಿಟ್ಟು ಮಾತಾಡುತ್ತಿದ್ದುದು ರಸ್ತೆಯಾಚೆಯ ಜೆರಾಕ್ಸ್ ಅಂಗಡಿಯಲ್ಲಿ. ಕೋರ್ಟಿಗೆ ಈಗ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಳಿಸಬೇಕು. ನಮ್ಮಲ್ಲಿದ್ದ ಹಳೆಯ ಪ್ರಿಂಟರಿನಲ್ಲಿ ಸ್ಕ್ಯಾನ್ ಮಾಡಬಹುದಿತ್ತು, ಆದರೆ ಹಾಳೆಹಾಳೆಗೂ ಮುಚ್ಚಳ ಎತ್ತಿ ಇಳಿಸಬೇಕು, ಮಧ್ಯೆ ಅದು ನಿಂತೇಹೋಗುತ್ತಿತ್ತು. ಹಾಗಾಗಿ ದೊಡ್ಡ ಫೈಲುಗಳನ್ನೆಲ್ಲ ಎದೆಗವಚಿಕೊಂಡು ರಸ್ತೆ ದಾಟುತ್ತಿದ್ದೆ. ಅಂಗಡಿ ನಡೆಸುತ್ತಿದ್ದವಳು ನನಗಿಂತ ಚಿಕ್ಕವಳು, ಆಂಧ್ರದ ಪುಂಗನೂರು ಕಡೆಗೆ ಕೊಟ್ಟಿದ್ದ ಹೆಣ್ಣು, ಗಂಡನ ಜೊತೆ ಇಲ್ಲಿಗೆ ಬಂದು ಅಂಗಡಿ ಇಟ್ಟಿದ್ದಳು. ಒಂದೊಂದೇ ಹಾಳೆ ಇಡುತ್ತಾ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡುತ್ತಿದ್ದಳು.

“ಏಮಕ್ಕಾ, ಇವತ್ತೂ ಮೊಸರನ್ನಾನೇನಾ? ಒಬ್ಳಿಗೇಂತ ಸಾರು ಮಾಡ್ಕೊಂಡ್ರೆ ಯಾರಾದ್ರೂ ಬೈತಾರಾ?”

ಫೈಲು ದಪ್ಪವಿದ್ದಷ್ಟೂ ಮಾತು ಉದ್ದವಾಗುತ್ತಿತ್ತು. ಅವಳ ಮಕ್ಕಳ ಪರೀಕ್ಷೆ, ಅತ್ತೆಯ ಜಗಳ, ಅವಳಿಗೆ ಹಿಡಿಸದ ಸೊಸೆಯಿರುವ ಧಾರಾವಾಹಿ, ಎಲ್ಲ ನನಗೆ ಗೊತ್ತಿತ್ತು.

ಒಂದು ಸಂಜೆ ಸಾರ್ ಕೋಟು ಕಳಚುತ್ತಾ ಹೇಳಿದರು: “ಕಕ್ಷಿದಾರರ ಕಾಗದಗಳು ಹೊರಗಡೆ ಓಡಾಡೋದು ಚೆನ್ನಾಗಿರಲ್ಲಮ್ಮ. ಸ್ಕ್ಯಾನಿಂಗಿಗೇ ಅಂತ ಒಂದು ಮಿಷಿನ್ ತಗೊಂಬಿಡೋಣ. ಕೆಲಸ ಮಾಡೋಳು ನೀನು, ನೀನೇ ನೋಡಿ ಆರಿಸು.”

ಅವರ ಮಾತು ನ್ಯಾಯವಾಗಿತ್ತು. ನನಗೆ ಹೆಮ್ಮೆಯೂ ಆಯಿತು. ಇಷ್ಟು ವರ್ಷದಲ್ಲಿ ಆಫೀಸಿನ ಒಂದು ಕುರ್ಚಿಯನ್ನೂ ನನ್ನನ್ನು ಕೇಳಿ ತಂದಿರಲಿಲ್ಲ.

ಶನಿವಾರ ಕೋಲಾರದ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ನಾನೇ ಆರಿಸಿದ ಕಾಗದಗಳಿದ್ದವು: ಸಾಮಾನ್ಯ ಹಾಳೆಗಿಂತ ಉದ್ದವಾದ ಕೋರ್ಟಿನ ಹಸಿರು ಹಾಳೆ, ಬೇಡವಾದ ಒಂದು ಹಳೆಯ ಛಾಪಾ ಕಾಗದ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾರ್ಬನ್ ಪ್ರತಿ. ಅಂಗಡಿಯವನು ಮೊದಲು ತೋರಿಸಿದ ಯಂತ್ರ ಕಟ್ಟು ಹಾಳೆಗಳನ್ನು ಮೇಲಿಂದ ಎಳೆದುಕೊಂಡು, ಎರಡೂ ಬದಿಯನ್ನು ಒಮ್ಮೆಗೇ ಓದಿ, ಕೆಳಗೆ ಉದುರಿಸಿತು. ನೋಡಲು ಮುದ್ದಾಗಿತ್ತು. ಆದರೆ ಕಾರ್ಬನ್ ಪ್ರತಿ ಹಾಕಿದ ಕೂಡಲೇ ಬಾಯಲ್ಲೇ ಮುದುರಿಕೊಂಡಿತು. ಹಾಳೆಯನ್ನು ಗಾಜಿನ ಮೇಲಿಟ್ಟು ಓದಿಸುವ ಇನ್ನೊಂದು ಯಂತ್ರ ಕಾಗದಕ್ಕೆ ನೋವು ಮಾಡುತ್ತಿರಲಿಲ್ಲ, ಆದರೆ ನಮ್ಮ ದಪ್ಪ ಫೈಲುಗಳಿಗೆ ಒಂದು ಹಗಲು ಸಾಲದು. ಕೊನೆಗೆ ಎರಡೂ ಕೂಡಿದ್ದನ್ನು ಒಪ್ಪಿದೆ. ಗಟ್ಟಿ ಹಾಳೆಗಳಿಗೆ ಮೇಲೆ ಎಳೆದುಕೊಳ್ಳುವ ಬಾಯಿ, ಸವೆದವುಗಳಿಗೆ ಕೆಳಗೆ ಗಾಜು. ಜಾಗ ಹೆಚ್ಚು ಬೇಕಿತ್ತು. ನಮ್ಮಲ್ಲಿ ಖಾಲಿ ಮೇಜುಗಳಿಗೇನು ಕಮ್ಮಿ.

“ಆಫೀಸಲ್ಲಿ ಎಷ್ಟು ಜನ ಯೂಸ್ ಮಾಡ್ತೀರಾ ಮೇಡಂ? ಒಬ್ಬೊಬ್ರಿಗೂ ಬೇರೆ ಬೇರೆ ಫೋಲ್ಡರ್ ಮಾಡ್ಕೊಡ್ತೀವಿ,” ಎಂದ ಅಂಗಡಿಯವನು.

“ಒಬ್ಳೇ,” ಎಂದೆ.

ಅವನು ಯಂತ್ರದ ವಿಷಯವಾಗಿ ಕೇಳಿದ್ದ, ನಾನೂ ಅದಕ್ಕೇ ಉತ್ತರ ಕೊಟ್ಟಿದ್ದೆ. ಆದರೂ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಆ ಪದವೇ ಮತ್ತೆ ಮತ್ತೆ ಕೇಳಿಸುತ್ತಿತ್ತು.

ಯಂತ್ರ ಬಂತು, ಹೇಳಿದ ಕೆಲಸ ಮಾಡಿತು. ಸಾರ್ ಸಂತೋಷಪಟ್ಟರು. ರಸ್ತೆ ದಾಟುವ ಕಾರಣ ಮಾತ್ರ ನನಗೆ ಉಳಿಯಲಿಲ್ಲ. ಸ್ವಲ್ಪ ದಿನ ಬಿಟ್ಟು, ಬೇಡದಿದ್ದರೂ ನನ್ನ ಆಧಾರ್ ಕಾರ್ಡು ಹಿಡಿದು ಹೋದೆ.

“ಏನಕ್ಕಾ, ಈ ಕಡೆ ಸುಳಿವೇ ಇಲ್ಲ?”

ಹೊಸ ಯಂತ್ರದ ವಿಷಯ ಹೇಳಿದೆ. “ಒಳ್ಳೇದೇ ಆಯ್ತು ಬಿಡಕ್ಕಾ, ಬಿಸಿಲಲ್ಲಿ ಹೊತ್ಕೊಂಡು ಬರೋದು ತಪ್ತಲ್ಲ,” ಎಂದು ನಕ್ಕಳು. ಕಾರ್ಡಿನ ಪ್ರತಿ ಬಂದುಬಿಟ್ಟಿತು. “ಕೂತ್ಕೊಳಕ್ಕಾ” ಎಂದು ಸ್ಟೂಲು ಎಳೆದುಕೊಟ್ಟಳು. ಕೂತೆ. ಅವಳ ಕೈಯಲ್ಲಿ ನನ್ನ ಹಾಳೆಗಳಿರಲಿಲ್ಲ, ನನಗೆ ಎಣಿಸಿ ಜೋಡಿಸುವ ಕೆಲಸವಿರಲಿಲ್ಲ. ಇಬ್ಬರಿಗೂ ಮಾತು ಹೊಳೆಯಲಿಲ್ಲ. ಕಾಲೇಜಿನ ಹುಡುಗಿಯರು ಗುಂಪಾಗಿ ಬಂದರು. ಸ್ಟೂಲು ಅವರ ದಾರಿಗೆ ಅಡ್ಡವಾಗಿತ್ತು. ಬರ್ತೀನಿ ಎಂದು ಎದ್ದೆ. ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ.

ಮತ್ತೆ ಹೋಗಲಿಲ್ಲ. ಡಬ್ಬಿ ಬಿಚ್ಚಿ ಯಂತ್ರದ ಎದುರಿಗೆ ಊಟ ಮಾಡುತ್ತಿದ್ದೆ. ಮಧ್ಯಾಹ್ನ ಬಾಗಿಲಲ್ಲಿ ಯಾರಾದರೂ ಕೆಮ್ಮಿದರೆ ಬೇಗನೆ ತಲೆಯೆತ್ತುವ ಅಭ್ಯಾಸವಾಯಿತು.

ಹಾಗೆ ತಲೆಯೆತ್ತಿದ ಒಂದು ದಿನ ಬಾಗಿಲಲ್ಲಿ ಅವಳೇ ನಿಂತಿದ್ದಳು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು.

“ಅಕ್ಕಾ, ಇವಿಷ್ಟು ಫೋನಿಗೆ ಹಾಕ್ಕೊಡ್ತೀರಾ? ಮಕ್ಕಳ ಮಾರ್ಕ್ಸ್ ಕಾರ್ಡು, ಟೀಸಿ. ನಮ್ ಮಿಷಿನ್ ಮೊನ್ನೇನೇ ಕೊಟ್ಬಿಟ್ವಿ.”

“ಕೊಟ್ಬಿಟ್ರಾ? ಯಾಕೆ?”

“ಅತ್ತೆ ಬಿದ್ದು ಕಾಲು ಮುರ್ಕೊಂಡವ್ರೆ. ನೋಡ್ಕೊಳ್ಳೋರಿಲ್ಲ. ಪುಂಗನೂರಿಗೇ ಹೋಗ್ತಿದ್ದೀವಿ. ಮಕ್ಕಳನ್ನೂ ಅಲ್ಲೇ ಸೇರಿಸ್ತೀವಿ.”

ಅವಳನ್ನು ಬೆಂಚಿನ ಮೇಲೆ ಕೂರಿಸಿದೆ. ಕಾರ್ಡುಗಳನ್ನೆಲ್ಲ ಎಳೆದುಕೊಳ್ಳುವ ಬಾಯಿಗೆ ಕೊಟ್ಟಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ನಾನು ಒಂದೊಂದಾಗಿ ಗಾಜಿನ ಮೇಲಿಟ್ಟೆ. ಅವಳು ಅದನ್ನು ಗಮನಿಸಿದಳೋ ಇಲ್ಲವೋ ತಿಳಿಯಲಿಲ್ಲ. ದೊಡ್ಡ ಮಗಳಿಗೆ ಗಣಿತದಲ್ಲಿ ಅಂಕ ಹೇಗೆ ಕಮ್ಮಿಯಾಯಿತೆಂದು ಹೇಳಿದಳು. ಆ ಊರಲ್ಲಿ ಅಂಗಡಿಯಿಲ್ಲದೆ ದಿನ ಹೇಗೆ ಕಳೆಯಲಿ ಎಂದಳು.

ಕಳಿಸುವುದಕ್ಕೆ ಫೋನ್ ನಂಬರ್ ಕೇಳಬೇಕಾಯಿತು. ವರ್ಷಗಟ್ಟಲೆ ಅವಳ ಮನೆಯ ಸುಖದುಃಖ ಕೇಳಿದ್ದ ನನ್ನಲ್ಲಿ ಅವಳ ನಂಬರ್ ಇರಲಿಲ್ಲ. ಇಬ್ಬರೂ ನಕ್ಕೆವು. ಹೊರಡುವಾಗ ನನ್ನ ಕೈ ಹಿಡಿದು, “ಒಬ್ರೇ ಇರ್ತೀರಾ, ಹುಷಾರಕ್ಕಾ,” ಎಂದಳು. ಬಾಗಿಲವರೆಗೂ ಹೋಗಿ ನಿಂತೆ. ಅವಳು ರಸ್ತೆ ದಾಟಿ, ತನ್ನ ಅಂಗಡಿಯ ಮುಂದೆ ನಿಲ್ಲದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಫೋನ್ ಮಾಡಬೇಕೆಂದು ಎಷ್ಟೋ ಸಲ ಅಂದುಕೊಂಡು ಬಿಟ್ಟೆ. ಏನಂತ ಮಾಡುವುದು? ಒಂದು ಭಾನುವಾರ ಧೈರ್ಯ ಮಾಡಿದೆ. ಹಿಂದೆ ಕುಕ್ಕರ್ ಕೂಗುತ್ತಿತ್ತು, ಯಾರೋ ಅವಳನ್ನು ಕರೆಯುತ್ತಿದ್ದರು. “ಆಮೇಲೆ ಮಾಡ್ತೀನಕ್ಕಾ,” ಎಂದು ಇಟ್ಟಳು. ಆ ದಿನ ಮಾಡಲಿಲ್ಲ, ಆ ವಾರವೂ ಇಲ್ಲ. ಅವಳ ಮೇಲೆ ಕೋಪ ಬರಲಿಲ್ಲ, ಕಾಯುವುದನ್ನು ನಿಲ್ಲಿಸಿದೆ ಅಷ್ಟೆ.

ಶ್ರೀನಿವಾಸಪುರದ ಕಡೆಯ ಮಾವು ಮಾರುಕಟ್ಟೆಗೆ ಬರುವ ಹೊತ್ತಿಗೆ ಒಂದು ಸಂಜೆ, ಬೀಗ ಹಾಕುತ್ತಿದ್ದಾಗ ಅವಳ ಫೋನ್ ಬಂತು. ಅತ್ತೆ ಈಗ ಗೋಡೆ ಹಿಡಿದು ಓಡಾಡುತ್ತಾರಂತೆ. ಅಷ್ಟು ಹೇಳಿದ ಮೇಲೆ ಇಬ್ಬರೂ ಸುಮ್ಮನಾದೆವು. ಫೋನ್ ಇಟ್ಟುಬಿಡುತ್ತಾಳೇನೋ ಎಂದು ಹೆದರಿ, “ಏನ್ ಸಾರು ಮಾಡಿದ್ದೆ ಇವತ್ತು?” ಎಂದು ಕೇಳಿದೆ. ಅವಳು ಹೇಳತೊಡಗಿದಳು. ಬೀಗದ ಕೈ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತೆ.