ಬುಶಾಯಿಬರು ಹಾಕಿದ ಕೊನೆಯ ಆವೃತ್ತಿ

ಅಜ್ಮೂರಿನ ಡಯಾಲಿಸಿಸ್ ಕೇಂದ್ರದಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ ಬುಶಾಯಿಬರನ್ನು ರೇಗಿಸಬೇಕೆಂದರೆ ಒಂದೇ ಮಾತು ಸಾಕಾಗಿತ್ತು. “ಸರ್ವರಿಗೆ ಹೊಸ ಆವೃತ್ತಿ ಬಂದಿದೆಯಂತೆ, ಹಾಕ್ಬಿಡೋಣವಾ?”

“ಯಾವುದು, ಅಕ್ಟೋಬರ್‌ದಾ?” ಎಂದು ಅವರು ಕನ್ನಡಕವನ್ನು ಹಣೆಗೇರಿಸುತ್ತಿದ್ದರು. “ಅದು ಒಂಬತ್ತು ತಿಂಗಳ ಸರಕು. ಆಮೇಲೆ ತಿದ್ದುಪಡಿ ಕೇಳಿದ್ರೆ ನೀನ್ಯಾರೋ ನಾನ್ಯಾರೋ ಅನ್ನತ್ತೆ. ಇಲ್ಲಿ ಜನರ ರಕ್ತ ತೊಳೀತಾರೆ ಕಣಪ್ಪಾ, ನಿನ್ನ ಮದುವೆ ವಿಡಿಯೋ ಓಡಿಸಲ್ಲ!”

ಸರ್ವರನ್ನು ನಡೆಸುವ ತಂತ್ರಾಂಶದ ಆವೃತ್ತಿ ಆರು ತಿಂಗಳಿಗೊಂದು ಬಿಡುಗಡೆಯಾಗುತ್ತಿತ್ತು. ಅವರ ಪಾಲಿಗೆ ಅವೆಲ್ಲ ಬಂದು ಹೋಗುವ ನೆಂಟರು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ, ಐದು ವರ್ಷ ನೋಡಿಕೊಳ್ಳುತ್ತೇವೆಂದು ತಯಾರಕರು ಮಾತು ಕೊಟ್ಟು ಬಿಡುಗಡೆ ಮಾಡುತ್ತಿದ್ದ ಆವೃತ್ತಿಯೊಂದೇ ಲೆಕ್ಕಕ್ಕೆ. ಅದು ಬಂದ ದಿನ ಬೆಳಿಗ್ಗೆ ಎಣ್ಣೆಯಲ್ಲಿ ಕರಿದ ಬಿಸಿಬಿಸಿ ಸ್ಫೆಂಜ್ ವಡೆಗಳನ್ನು ತಾಳೆಗರಿಯ ಎಳೆಗೆ ಪೋಣಿಸಿಕೊಂಡು ಬರುತ್ತಿದ್ದರು. ಹುಟ್ಟಿದ್ದು ಗಂಡೋ ಹೆಣ್ಣೋ ಎಂಬುದೂ ಗೊತ್ತಿಲ್ಲದ ನರ್ಸುಗಳು “ಮಬ್ರೂಕ್, ಸಿ ಬುಶಾಯಿಬ್!” ಎಂದು ಗೌರವದಿಂದ ಅಭಿನಂದಿಸಿ, ಎಣ್ಣೆಗೈ ಒರೆಸಿಕೊಳ್ಳುತ್ತಾ ತಿಂದು ಮುಗಿಸುತ್ತಿದ್ದರು.

ಕೈಕೆಳಗಿದ್ದ ಹುಡುಗಿ ಬತೂಲ್‌ಗೆ ಸರ್ವರಿನ ಕೆಲಸ ಕಲಿಸಿದವರು ಇವರೇ. ಬೈದು ಬೈದೇ ಕಲಿಸಿದ್ದು. ಅವರು ನಿವೃತ್ತರಾದ ಮೇಲೆ ಸರ್ವರ್ ಅವಳ ಕೈಗೆ ಬಂತು. ಅದರೊಳಗೆ ಅವರು ಹಾಕಿಹೋದ ಆವೃತ್ತಿಯೂ ಹಾಗೇ ಉಳಿಯಿತು. ಐದು ವರ್ಷ ಕಳೆದು ಅದಕ್ಕೆ ಬರುವ ತಿದ್ದುಪಡಿಗಳೂ ನಿಂತುಹೋದವು. ಹೊಸ ಏಪ್ರಿಲ್ ಆವೃತ್ತಿಯನ್ನು ಬತೂಲ್ ಬೇರೊಂದು ಯಂತ್ರದಲ್ಲಿ ಹಾಕಿ, ಪರೀಕ್ಷಿಸಿ, ಸಿದ್ಧವಾಗಿಟ್ಟಿದ್ದಳು. ಆದರೆ ಬದಲಿಸಲು ಮನಸ್ಸು ಬರಲೊಲ್ಲದು. ಹೊಸದಕ್ಕೆ ಹೋದರೆ ನಿವೃತ್ತರಿಗೆ ಒಳಗೆ ಬರಲು ದಾರಿಯಿಲ್ಲ, ನಿಯಮವೇ ಹಾಗೆ. ಬುಶಾಯಿಬರೋ ತಮ್ಮ ಹಳೆಯ ಪಾಸ್‌ವರ್ಡ್ ಬಳಸಿ ಮನೆಯಿಂದಲೇ ಆಗಾಗ ಸರ್ವರಿನ ಒಳಹೊಕ್ಕು ನೋಡಿ, “ನನ್ನ ಯಂತ್ರ ಹೇಗಿದೆ ಮಗಳೇ?” ಎಂದು ವಾರವಾರ ಫೋನ್ ಮಾಡುವವರು. ಬಾಗಿಲು ಮುಚ್ಚುತ್ತೇನೆಂದು ಅವರಿಗೆ ಯಾವ ಬಾಯಲ್ಲಿ ಹೇಳುವುದು?

ರಂಜಾನಿಗೆ ಅಲ್ಲಿ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ, ಹಬ್ಬ ಮುಗಿದ ಮೇಲೆ ಮತ್ತೆ ಮುಂದಕ್ಕೆ. ಹೊಸ ಆವೃತ್ತಿಗಳಿಗೆ ಇದು ತಾನಾಗಿಯೇ ಗೊತ್ತು. ಹಳೆಯದಕ್ಕೆ ಈ ಸುದ್ದಿ ತಲುಪಿರಲೇ ಇಲ್ಲ, ಕೈಯಿಂದಲೇ ತಿರುಗಿಸಬೇಕಿತ್ತು. ಆ ವರ್ಷ ಬತೂಲ್ ತಿರುಗಿಸಿ, ಅವರಿಗೆ ಫೋನೂ ಮಾಡಿದಳು.

“ಗಡಿಯಾರ ತಿರುಗಿಸಿದ್ದೀನಿ, ಸಿ ಬುಶಾಯಿಬ್. ನೀವು ಆರಾಮಾಗಿರಿ.”

“ಭೇಷ್ ಮಗಳೇ.”

ಸೋಮವಾರ ಬೆಳಿಗ್ಗೆ ಕೇಂದ್ರದಲ್ಲಿ ಹಾಸಿಗೆಗಳೆಲ್ಲ ಖಾಲಿ! ಸರ್ವರ್ ಕಳಿಸುವ ಸಂದೇಶ ಫೋನಿಗೆ ಬಂದರೇ ವ್ಯಾನಿನವನು ಹಳ್ಳಿಗಳಿಂದ ರೋಗಿಗಳನ್ನು ಕರೆತರಲು ಹೊರಡುವುದು. ಅಂದು ಸಂದೇಶ ಹೋಗಿದ್ದೇ ಒಂದು ಗಂಟೆ ತಡವಾಗಿ. ಊರಿನವರೇ ಆದ ಎರಡನೆಯ ತಂಡ ತಾವಾಗಿಯೇ ಹೊತ್ತಿಗೆ ಸರಿಯಾಗಿ ಬಂದು ಬಾಗಿಲಲ್ಲಿ ಕಾಯುತ್ತಿದ್ದುದರಿಂದ ಮೊದಲ ತಂಡದವರನ್ನು ಅರ್ಧಕ್ಕೇ ಎಬ್ಬಿಸಬೇಕಾಯಿತು. ಸಂಜೆಯೊಳಗೆ ಹಾಜಾ ರಖಿಯಾ ಎಂಬ ಮುದುಕಿಗೆ ಕಾಲು ಊದಿಕೊಂಡು, ಉಸಿರು ಕಟ್ಟಿ, ಮತ್ತೆ ಹೊತ್ತುತಂದರು. ಪುಣ್ಯಕ್ಕೆ ಜೀವ ಉಳಿಯಿತು.

ಬತೂಲ್ ಫೋನ್ ಮಾಡಿದಳು. “ಸಿ ಬುಶಾಯಿಬ್, ನೀವೇನಾದ್ರೂ ಗಡಿಯಾರ ಮುಟ್ಟಿದ್ರಾ?”

“ಮುಟ್ಟದೇ ಇನ್ನೇನು? ನೀನು ಮರೆತಿದ್ದೆ, ನಾನೇ ಒಂದು ಗಂಟೆ ಹಿಂದಕ್ಕೆ ಹಾಕ್ದೆ. ಎಷ್ಟು ವರ್ಷ ಹೇಳ್ಕೊಟ್ರೂ ನಿನ್ನ ಹಣೆಬರಹ ಇಷ್ಟೇ!”

“ನಾನು ತಿರುಗಿಸಿ ನಿಮಗೆ ಫೋನ್ ಮಾಡಿದ್ನಲ್ಲ?”

ಬುಶಾಯಿಬರು ಸಣ್ಣ ದನಿಯಲ್ಲಿ, “ಮಾಡಿದ್ಯಾ?” ಎಂದರು.

ಕೇಂದ್ರದ ಡಾಕ್ಟರ ಮುಂದೆ ಬತೂಲ್ ತಪ್ಪು ತನ್ನದೆಂದಳು. ಅದೇನು ಬರಿಯ ಔದಾರ್ಯದ ಮಾತಲ್ಲ. ಹೊಸ ಆವೃತ್ತಿ ಹಾಕಿದ್ದರೆ ಇಬ್ಬರೂ ಗಡಿಯಾರ ಮುಟ್ಟುವ ಪ್ರಮೇಯವೇ ಇರಲಿಲ್ಲ. ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರ ಜೀವವನ್ನು ಪಣಕ್ಕಿಟ್ಟೆನಲ್ಲಾ ಎಂದು ಅವಳು ತನ್ನನ್ನೇ ಬೈದುಕೊಂಡಳು. ಮರುದಿನವೇ ಹೊಸ ಯಂತ್ರ ಕೆಲಸಕ್ಕೆ ನಿಂತಿತು. ಹಳೆಯದನ್ನು, ಅದರೊಳಗಿನ ರೋಗಿಗಳ ವಿವರವನ್ನೆಲ್ಲ ಅಳಿಸಿ, ಕಾರಿಗೆ ಹಾಕಿಕೊಂಡು ಬುಶಾಯಿಬರ ಮನೆಗೆ ಹೋದಳು.

“ಬದಲಾಯಿಸ್ಬಿಟ್ಟೆ. ಹೊಸದ್ರಲ್ಲಿ ನಿಮ್ಮ ಹೆಸರಿಲ್ಲ,” ಎಂದಳು. ಸುತ್ತಿ ಬಳಸಿ ಹೇಳಲು ಅವಳಿಗೆ ಬರುತ್ತಿರಲಿಲ್ಲ.

“ಯಾವುದು ಹಾಕ್ದೆ?”

“ಏಪ್ರಿಲ್‌ದೇ. ಐದು ವರ್ಷದ್ದು.”

“ಹಾಗಾದ್ರೆ ಸರಿ.” ಅವರು ಹಳೆಯ ಯಂತ್ರದ ಮೇಲೆ ಕೈಯಾಡಿಸಿದರು. “ಐದು ವರ್ಷ. ಅಷ್ಟೊತ್ತಿಗೆ ನಂಗೆ ನಿನ್ನ ಹೆಸರೂ ನೆನಪಿರಲ್ಲ ಬಿಡು. ಡಾಕ್ಟರ್ ಹೇಳಿದಾರೆ. ಇವಳಿಗೆ ಇನ್ನೂ ಹೇಳಿಲ್ಲ.”

ಇವಳೆಂದರೆ ಹೆಂಡತಿ, ಲಲ್ಲಾ ಝಹ್ರಾ. ಅಡುಗೆಮನೆಯಲ್ಲಿ ಉಪವಾಸ ಬಿಡಲು ಹರೀರಾ ಸಾರು ಕುದಿಸುತ್ತಿದ್ದಳು.

ಹಬ್ಬ ಕಳೆದ ಮೇಲೆ ಬತೂಲ್ ಶುಭಾಶಯ ಹೇಳಲು ಹೋದಳು. ಬಾಗಿಲಲ್ಲೇ ಲಲ್ಲಾ ಝಹ್ರಾ ಬೆರಳನ್ನು ತುಟಿಗೊತ್ತಿ ಒಳಗೆ ಕರೆದಳು. “ಮೆಲ್ಲಗೆ ಬಾರಮ್ಮ, ಆಸ್ಪತ್ರೆ ಗಡಿಯಾರ ಮುಂದಕ್ಕೆ ಹಾಕ್ತಿದಾರೆ. ಇವ್ರಿಲ್ದೇ ನಿಮ್ಮದೊಂದೂ ನಡೆಯಲ್ಲ ನೋಡು!” ಅವಳ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

ಕರೆಂಟು ಬಿಟ್ಟರೆ ಬೇರೆ ಯಾವ ತಂತಿಗೂ ತಗುಲಿಸದ ಹಳೆಯ ಯಂತ್ರದ ಮುಂದೆ ಬುಶಾಯಿಬರು ಕುಳಿತಿದ್ದರು. ಕೊನೆಯ ಗುಂಡಿ ಒತ್ತಿ ತಿರುಗಿದರು.

“ಆಯ್ತು ಮಗಳೇ. ನಾಳೆ ಎಲ್ರೂ ಹೊತ್ತಿಗೆ ಸರಿಯಾಗಿ ಬರ್ತಾರೆ.”

ಹೆಂಡತಿ ಕೇಳಲೆಂದು ಹೇಳಿದರೋ, ನಿಜವೆಂದೇ ನಂಬಿ ಹೇಳಿದರೋ, ಅವರ ಮುಖ ನೋಡಿದರೆ ಬತೂಲ್‌ಗೆ ತಿಳಿಯಲಿಲ್ಲ.

“ಬರ್ತಾರೆ, ಸಿ ಬುಶಾಯಿಬ್,” ಎಂದಳು. “ನೀವಿದ್ದೀರಲ್ಲ.”