ಧೂಳಿನ ಮೋಡದ ಚಕ್ಕುಬಂದಿ

ನವಲಗುಂದದ ಕಚೇರಿ ಎದುರಿನ ಬೇವಿನ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಕೃಷ್ಣಾಜಿ ಮೂವತ್ತು ವರ್ಷ ಜನರ ಖರೀದಿಪತ್ರ, ಅರ್ಜಿಗಳನ್ನು ಬರೆದುಕೊಟ್ಟರು. ತಮ್ಮ ಕಾಗದ ಒಂದೂ ತಿರುಗಿ ಬಂದಿಲ್ಲ ಎಂಬುದು ಅವರ ಹೆಮ್ಮೆ.

1976ರಲ್ಲಿ ಒಂದು ದಿನ ಊರಿನ ಶಾಲೆಯ ಮಾಸ್ತರರ ಮಗಳು ಮುಕ್ತಾಬಾಯಿ ಅರ್ಜಿಯೊಂದನ್ನು ಟೈಪ್ ಮಾಡಿಸಲು ಬಂದು ಅವರೆದುರು ಕೂತಳು. ನಕ್ಷತ್ರಗಳ ನಡುವಿನ ಧೂಳಿನ ಮೇಲೆ ಪಿಎಚ್.ಡಿ. ಮುಗಿಸಿದವಳು. ಮುಂದಿನ ಸಂಶೋಧನೆಗೆ ಫೆಲೋಶಿಪ್ ಕೇಳಿ ತಾನೇ ಬರೆದ ಐದು ಅರ್ಜಿಗಳು ತಿರಸ್ಕೃತವಾಗಿದ್ದವು. ಹೊರದೇಶದ ವೀಕ್ಷಣಾಲಯಕ್ಕೆ ಹಾಕುವ ಈ ಆರನೆಯದೂ ಹೋದರೆ ನಕ್ಷತ್ರಗಳ ಆಸೆ ಬಿಡುವುದೆಂದು ನಿಶ್ಚಯಿಸಿದ್ದಳು.

ಅರ್ಧ ಪುಟಕ್ಕೆ ಕೃಷ್ಣಾಜಿಯ ಬೆರಳು ನಿಂತಿತು. "ಮುಕ್ತಾ, ಈ ಧೂಳಿನ ಮೋಡಕ್ಕ ಚಕ್ಕುಬಂದಿ ಎಲ್ಲದ?"

"ಕಾಕಾ, ಅದು ಆಕಾಶದಾಗಿಂದರಿ. ಹೊಲ ಅಲ್ಲ."

"ಹೊಲ ಇದ್ರ ಬದುವರೆ ಕಾಣ್ತಿತ್ತು. ಮೂಡಲಕ್ಕ ಯಾರು, ಪಡುವಲಕ್ಕ ಯಾರು, ಹೇಳು. ನಾಲ್ಕು ದಿಕ್ಕಿನ ಗಡಿ ಇಲ್ಲದ ಕಾಗದ ನಾ ಟೈಪ್ ಮಾಡೂದಿಲ್ಲ."

ಟಪಾಲು ಹೋಗಲು ಅರ್ಧ ತಾಸು ಉಳಿದಿತ್ತು. ಮುಕ್ತಾ ಹಲ್ಲು ಕಚ್ಚಿಕೊಂಡು ಮೋಡದ ಸುತ್ತಲಿನ ನಾಲ್ಕು ನಕ್ಷತ್ರಗಳ ಹೆಸರು ಹೇಳಿದಳು.

"ಈ ಬಾಜೂದವರದೇನೂ ತಕರಾರಿಲ್ಲಲಾ?"

"ಇಲ್ಲರಿ ಕಾಕಾ. ಅಗದಿ ಸುಮ್ಮನಿರೋ ಮಂದಿ."

ಮೂರು ತಿಂಗಳಿಗೆ ಉತ್ತರ ಬಂತು. ಫೆಲೋಶಿಪ್ ಸಿಕ್ಕಿತ್ತು. ಆಕಾಶದ ಯಾವ ಭಾಗವನ್ನು ನೋಡಬೇಕೆಂದು ಇಷ್ಟು ಸ್ಪಷ್ಟವಾಗಿ ಗುರುತಿಸಿದ ಅರ್ಜಿ ನಿಮ್ಮದೊಂದೇ ಎಂದು ವೀಕ್ಷಣಾಲಯದವರು ಬರೆದಿದ್ದರು.

ಮುಕ್ತಾ ಪೇಢೆ ತಂದುಕೊಟ್ಟು ಆ ಪತ್ರವನ್ನು ಓದಿ ಹೇಳಿದಾಗ, ಕೃಷ್ಣಾಜಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಾಗದವನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಲ್ಲಾ ಬರೋಬ್ಬರಿ ಅದ. ಆದರ ಮೋಡದ ಕಬ್ಜಾ ನಿನ್ನ ಕೈಗೆ ಯಾವಾಗ ಕೊಡ್ತಾರಂತ, ಅದನ್ನ ಬರದಿಲ್ಲಲ್ಲವಾ?"